ಓಡುವವನ ಒಪ್ಪಿಗೆ

ಅಕ್ಟೋಬರ್ ಮುಗಿಯುತ್ತ ಬಂದರೆ ಅಮೆರಿಕದ ಫುಟ್‌ಬಾಲ್ ಪ್ರಿಯರ ಮಾತು ಬದಲಾಗುತ್ತದೆ. ಯಾರು ಹೇಗೆ ಆಡಿದರು ಎಂದು ಮಾತಾಡುತ್ತಿದ್ದವರು ಯಾರನ್ನು ಕೊಟ್ಟು ಏನನ್ನು ತರಬೇಕು ಎಂದು ಲೆಕ್ಕ ಹಾಕಲು ಕೂರುತ್ತಾರೆ. ಆಫೀಸಿನ ಊಟದ ಮೇಜಿನಲ್ಲಿ, ಕ್ಷೌರದ ಅಂಗಡಿಯಲ್ಲಿ, ಕಾರಿನ ರೇಡಿಯೊದಲ್ಲಿ ಅದೇ ಚರ್ಚೆ. ಅಲ್ಲಿನ ವೃತ್ತಿಪರ ಲೀಗ್ ಎನ್‌ಎಫ್‌ಎಲ್‌ನ 32 ತಂಡಗಳು ಋತುವಿನ ನಡುವೆ ಆಟಗಾರರನ್ನು ಅದಲುಬದಲು ಮಾಡಿಕೊಳ್ಳುವುದಕ್ಕೆ ಒಂದು ಗಡುವಿದೆ. ಈಗ ಅದು ನವೆಂಬರ್ ಮೊದಲ ವಾರದ ಹೊತ್ತಿಗೆ ಬರುತ್ತದೆ. ಗಡುವು ಹತ್ತಿರವಾದಂತೆ, ಸೋಲುತ್ತಿರುವ ಯಾವುದೋ ತಂಡದ ಒಳ್ಳೆಯ ರನ್ನಿಂಗ್ ಬ್ಯಾಕ್ ಒಬ್ಬನ ಹೆಸರು ಎಲ್ಲರ ಬಾಯಲ್ಲೂ ಓಡಾಡುತ್ತದೆ. ತಂಡ ಹೇಗೂ ಮುಳುಗಿದೆ, ಅವನ ಕಾಲಲ್ಲಿ ಇನ್ನೆರಡು ವರ್ಷದ ಓಟ ಉಳಿದಿದೆ, ಬೆಲೆ ಇರುವಾಗಲೇ ಟ್ರೇಡ್ ಮಾಡಿಬಿಡಿ ಎನ್ನುವುದು ಆ ಪ್ರಸ್ತಾಪದ ಸಾರ.

ನಾನೂ ಇಂಥ ಪ್ರಸ್ತಾಪಗಳ ಪರವಾಗಿ ವಾದಿಸಿದ್ದೇನೆ. ಆಟದ ಲೆಕ್ಕದಲ್ಲಿ ಅವು ಬಹಳ ಸಲ ಸರಿ ಎಂದು ಈಗಲೂ ನಂಬಿದ್ದೇನೆ. ಆದರೆ ಆ ಲೆಕ್ಕದ ಕಾಗದದಲ್ಲಿ ಒಂದು ಸಾಲು ಯಾವಾಗಲೂ ಖಾಲಿ ಇರುತ್ತದೆ. ಆ ಸಾಲಿನ ಬಗ್ಗೆ ಹೇಳಬೇಕು ಅನ್ನಿಸಿದೆ.

ಈ ಆಟ ನೋಡದವರಿಗೆ ಮೊದಲು ರನ್ನಿಂಗ್ ಬ್ಯಾಕ್‌ನ ಕೆಲಸ ಏನೆಂದು ಹೇಳುತ್ತೇನೆ. ಮೈದಾನ ನೂರು ಗಜ. ಚೆಂಡು ಕೈಗೆ ಬಂದ ತಂಡ ನಾಲ್ಕು ಯತ್ನಗಳಲ್ಲಿ ಹತ್ತು ಗಜ ಮುಂದೆ ಹೋಗಬೇಕು. ಹೋದರೆ ಮತ್ತೆ ನಾಲ್ಕು ಯತ್ನ ಸಿಗುತ್ತವೆ. ಹೋಗುವ ದಾರಿ ಎರಡು. ಕ್ವಾರ್ಟರ್‌ಬ್ಯಾಕ್ ಚೆಂಡನ್ನು ದೂರದವನಿಗೆ ಎಸೆಯಬಹುದು. ಇಲ್ಲವೇ ಹಿಂದೆ ನಿಂತವನ ಹೊಟ್ಟೆಗೆ ಒತ್ತಿ ಕೊಟ್ಟು ಅವನನ್ನು ಓಡಿಸಬಹುದು. ಹಾಗೆ ಚೆಂಡನ್ನು ಅವಚಿಕೊಂಡು ಓಡುವವನೇ ರನ್ನಿಂಗ್ ಬ್ಯಾಕ್. ಎದುರಿಗೆ ಹನ್ನೊಂದು ಜನ; ಮುಂದಿನ ಸಾಲಿನಲ್ಲಿರುವ ಆಳುಗಳಲ್ಲಿ 130 ಕಿಲೋ ದಾಟಿದವರು ಎಷ್ಟೋ ಮಂದಿ. ಅವರ ನಡುವೆ ಸಂದು ಮೂಡುವುದು ಕಣ್ಣು ಮಿಟುಕಿಸುವಷ್ಟು ಹೊತ್ತು ಮಾತ್ರ. ನುರಿತ ಓಟಗಾರ ಸಾಲಿನ ಹತ್ತಿರ ಬಂದು ಒಂದು ಕ್ಷಣ ಹೆಜ್ಜೆ ತಡೆಯುತ್ತಾನೆ, ಸಂದು ಇನ್ನೂ ತೆರೆಯದಿರುವಾಗಲೇ ಅದು ಎಲ್ಲಿ ತೆರೆಯುತ್ತದೆಂದು ಅವನಿಗೆ ಗೊತ್ತಾಗಿಬಿಡುತ್ತದೆ, ಆಮೇಲೆ ನುಗ್ಗುತ್ತಾನೆ. ಆ ತಡೆದ ಹೆಜ್ಜೆಯನ್ನು ನೋಡುವುದಕ್ಕೆಂದೇ ನಾನು ಈ ಆಟ ನೋಡುವುದು. ನಾಲ್ಕೈದು ಗಜ ಗಳಿಸಿ ಅವನು ಬಿದ್ದರೆ ಒಳ್ಳೆಯ ಓಟ ಎನ್ನುತ್ತಾರೆ. ಮೇಲೆ ಬಿದ್ದ ಮೂರು ನಾಲ್ಕು ಜನ ಒಬ್ಬೊಬ್ಬರಾಗಿ ಎದ್ದ ಮೇಲೆ ಅವನೂ ಎದ್ದು, ಮತ್ತೆ ಅದೇ ಸಾಲಿನ ಹಿಂದೆ ಹೋಗಿ ನಿಲ್ಲುತ್ತಾನೆ. ಒಂದು ಮಧ್ಯಾಹ್ನದಲ್ಲಿ ಇಪ್ಪತ್ತು ಸಲ ಹೀಗೆ.

ಟ್ರೇಡ್ ಪ್ರಸ್ತಾಪಗಳಲ್ಲಿ ಇವನ ಹೆಸರೇ ಮತ್ತೆ ಮತ್ತೆ ಬರುವುದಕ್ಕೆ ಕಾರಣ ಇಲ್ಲೇ ಇದೆ. ಕ್ವಾರ್ಟರ್‌ಬ್ಯಾಕ್ ನಲವತ್ತರ ಹತ್ತಿರದವರೆಗೂ ಆಡಬಲ್ಲ. ರನ್ನಿಂಗ್ ಬ್ಯಾಕ್‌ಗೆ ಇಪ್ಪತ್ತೆಂಟು ಎಂದರೆ ತಂಡದ ಆಡಳಿತದವರು ಹುಬ್ಬು ಗಂಟಿಕ್ಕುತ್ತಾರೆ. ಕ್ರಿಶ್ಚಿಯನ್ ಮೆಕ್ಯಾಫ್ರಿ 2019ರಲ್ಲಿ ಕ್ಯಾರೊಲೈನಾ ಪ್ಯಾಂಥರ್ಸ್ ತಂಡಕ್ಕಾಗಿ 287 ಸಲ ಓಡಿದರು, 116 ಸಲ ಎಸೆತ ಹಿಡಿದರು. ಓಟದಲ್ಲಿ 1,387 ಗಜ, ಹಿಡಿತದಲ್ಲಿ 1,005 ಗಜ. ಒಂದೇ ಋತುವಿನಲ್ಲಿ ಎರಡರಲ್ಲೂ ಸಾವಿರ ದಾಟಿದ್ದು ಅವರಿಗಿಂತ ಮುಂಚೆ ಇಬ್ಬರೇ. ತಂಡ ಅವರಿಗೆ ದೊಡ್ಡ ಒಪ್ಪಂದ ಕೊಟ್ಟಿತು. ಮುಂದಿನ ವರ್ಷ ಗಾಯಗಳಿಂದಾಗಿ ಅವರು ಆಡಿದ್ದು ಮೂರು ಪಂದ್ಯ, ಅದರ ಮುಂದಿನ ವರ್ಷ ಏಳು. 2022ರಲ್ಲಿ ಮೈ ಸರಿಯಾಯಿತು, ಆದರೆ ತಂಡ ಸೋಲುತ್ತಲೇ ಹೋಯಿತು, ಕೋಚನ್ನು ಮನೆಗೆ ಕಳುಹಿಸಿದರು, ಅಕ್ಟೋಬರ್ 20ರ ರಾತ್ರಿ ಮೆಕ್ಯಾಫ್ರಿಯನ್ನು ಸ್ಯಾನ್ ಫ್ರಾನ್ಸಿಸ್ಕೊ ತಂಡಕ್ಕೆ ಕೊಟ್ಟರು. ಭಾನುವಾರ ಅವರು ಹೊಸ ಅಂಗಿ ತೊಟ್ಟು ಮೈದಾನದಲ್ಲಿದ್ದರು. ಅದರ ಮುಂದಿನ ಭಾನುವಾರ ಒಂದೇ ಪಂದ್ಯದಲ್ಲಿ, ಚೆಂಡನ್ನು ಎದುರಾಳಿಯ ಗೆರೆ ದಾಟಿಸುವ ಟಚ್‌ಡೌನ್‌ಗಳಲ್ಲಿ ಒಂದನ್ನು ಎಸೆದು, ಒಂದನ್ನು ಹಿಡಿದು, ಒಂದನ್ನು ಓಡಿ ತಂದರು. ಕೊಟ್ಟವರಿಗೆ ಸಿಕ್ಕಿದ್ದು ಮುಂದಿನ ಡ್ರಾಫ್ಟ್‌ಗಳ ನಾಲ್ಕು ಸರದಿಗಳು.

ಡ್ರಾಫ್ಟ್ ಎಂದರೆ ಪ್ರತಿ ವಸಂತದಲ್ಲಿ ಕಾಲೇಜಿನಿಂದ ಬರುವ ಹುಡುಗರನ್ನು ತಂಡಗಳು ಸರದಿಯ ಮೇಲೆ ಆರಿಸಿಕೊಳ್ಳುವ ಏರ್ಪಾಡು. ಹಿಂದಿನ ಋತುವಿನಲ್ಲಿ ಕಡೆಯಲ್ಲಿದ್ದವರಿಗೆ ಮೊದಲ ಸರದಿ. ಟ್ರೇಡ್‌ನಲ್ಲಿ ಕೈ ಬದಲಾಯಿಸುವ ನಾಣ್ಯ ಈ ಸರದಿಗಳೇ. ಇನ್ನೂ ಹೆಸರೇ ಗೊತ್ತಿಲ್ಲದ, ಯಾವುದೋ ಕಾಲೇಜಿನ ತರಗತಿಯಲ್ಲಿ ಕೂತಿರುವ ಹುಡುಗನೊಬ್ಬನ ಮೇಲಿನ ಹಕ್ಕನ್ನು ಪಡೆದು, ಕಣ್ಣೆದುರು ಓಡುತ್ತಿರುವವನನ್ನು ಕೊಡುವುದು.

ಕೆಲಸದ ಮೇಲೆ ನಾನು ಕೆಲವು ವರ್ಷ ಮಿನಿಯಾಪೊಲಿಸ್‌ನಲ್ಲಿದ್ದೆ. ಪಕ್ಕದ ಮನೆಯಲ್ಲಿ ನಿವೃತ್ತರಾದ ಹಿರಿಯರೊಬ್ಬರಿದ್ದರು, ಹುಟ್ಟಾ ಮಿನ್ನೆಸೋಟಾದವರು. ಹಿಮ ಗೋರುವಾಗ ಬೇಲಿಯ ಆಚೆ ಈಚೆ ನಿಂತು ಮಾತಾಡುತ್ತಿದ್ದೆವು. ನಾನು ಯಾವುದಾದರೂ ಟ್ರೇಡ್ ಬಗ್ಗೆ ಉತ್ಸಾಹದಿಂದ ಹೇಳಲು ಹೊರಟರೆ ಅವರು ಸಲಿಕೆ ಊರಿ ನಿಂತು, ‘ಹರ್ಷಲ್’ ಎಂದು ಒಂದೇ ಮಾತು ಹೇಳುತ್ತಿದ್ದರು. ಆ ಊರಿನಲ್ಲಿ ಆ ಹೆಸರಿಗೆ ವಿವರಣೆ ಬೇಡ.

ಹರ್ಷಲ್ ವಾಕರ್ ಜಾರ್ಜಿಯ ರಾಜ್ಯದ ರೈಟ್ಸ್‌ವಿಲ್ ಎಂಬ ಸಣ್ಣ ಊರಿನವರು. ಕಾಲೇಜಿನಲ್ಲಿದ್ದಾಗ, ಕಾಲೇಜು ಫುಟ್‌ಬಾಲ್‌ನ ಅತ್ಯುತ್ತಮ ಆಟಗಾರನಿಗೆ ಕೊಡುವ ಹೈಸ್‌ಮನ್ ಟ್ರೋಫಿಯನ್ನು 1982ರಲ್ಲಿ ಗೆದ್ದವರು. 1988ರಲ್ಲಿ ಡಲ್ಲಾಸ್ ಕೌಬಾಯ್ಸ್ ತಂಡಕ್ಕಾಗಿ 361 ಸಲ ಓಡಿ 1,514 ಗಜ ಗಳಿಸಿದರು. ಆ ತಂಡದಲ್ಲಿ ಹೇಳಿಕೊಳ್ಳುವಂಥ ಆಸ್ತಿ ಎಂದರೆ ಅವರೊಬ್ಬರೇ. 1989ರಲ್ಲಿ ಜೆರ್ರಿ ಜೋನ್ಸ್ ತಂಡವನ್ನು ಕೊಂಡು, ಮೊದಲಿನಿಂದಲೂ ಕೋಚ್ ಆಗಿದ್ದ ಟಾಮ್ ಲ್ಯಾಂಡ್ರಿಯವರನ್ನು ತೆಗೆದು, ಜಿಮ್ಮಿ ಜಾನ್ಸನ್‌ರನ್ನು ತಂದು ಕೂರಿಸಿದರು. ಹೊಸ ಋತುವಿನ ಮೊದಲ ಐದು ಪಂದ್ಯಗಳನ್ನೂ ಡಲ್ಲಾಸ್ ಸೋತಿತು. ಸಹಾಯಕ ಕೋಚ್‌ಗಳ ಜೊತೆ ಜಾಗಿಂಗ್ ಮಾಡುತ್ತಿದ್ದಾಗ ಜಾನ್ಸನ್ ಪ್ರಸ್ತಾಪ ಎತ್ತಿದರು: ವಾಕರ್‌ರನ್ನು ಟ್ರೇಡ್ ಮಾಡೋಣ. ಜೊತೆಯಲ್ಲಿ ಓಡುತ್ತಿದ್ದವರು ಬೆಚ್ಚಿದರು. ಇರುವ ಒಬ್ಬನನ್ನೂ ಕೊಟ್ಟರೆ ಉಳಿಯುವುದೇನು?

ಮಿನ್ನೆಸೋಟಾ ವೈಕಿಂಗ್ಸ್‌ಗೆ ಬೇರೆಯ ಹಸಿವಿತ್ತು. ಲೀಗಿನ ಅಂತಿಮ ಪಂದ್ಯವಾದ ಸೂಪರ್ ಬೌಲನ್ನು ನಾಲ್ಕು ಸಲ ತಲುಪಿ ನಾಲ್ಕು ಸಲವೂ ಸೋತ ತಂಡ ಅದು. ಇನ್ನೊಬ್ಬ ಬಂದರೆ ಸಾಕು, ಈ ಸಲ ನಮ್ಮದೇ ಎಂದು ಅದರ ಆಡಳಿತ ನೋಡುತ್ತಿದ್ದ ಮೈಕ್ ಲಿನ್ ನಂಬಿದ್ದರು. ಅಕ್ಟೋಬರ್ 12ರಂದು ವ್ಯವಹಾರ ಕುದುರಿತು. ವಾಕರ್ ಮಿನ್ನೆಸೋಟಾಕ್ಕೆ, ಐವರು ಆಟಗಾರರು ಮತ್ತು ಸರದಿಗಳ ಒಂದು ಕಟ್ಟು ಡಲ್ಲಾಸ್‌ಗೆ. ಆ ಐವರಲ್ಲಿ ಒಬ್ಬೊಬ್ಬರ ಬೆನ್ನಿಗೂ ಷರತ್ತಿನ ಸರದಿಗಳನ್ನು ಕಟ್ಟಲಾಗಿತ್ತು: ಮುಂದಿನ ಫೆಬ್ರವರಿಯೊಳಗೆ ಡಲ್ಲಾಸ್ ಆ ಆಟಗಾರನನ್ನು ಕೈಬಿಟ್ಟರೆ ಅವನ ಬದಲು ಸರದಿ ಸಿಗುತ್ತದೆ. ಒಳ್ಳೆಯ ಆಟಗಾರರನ್ನು ಯಾರು ಕೈಬಿಡುತ್ತಾರೆ ಎಂದು ಲಿನ್ ಎಣಿಸಿದರು. ಜಾನ್ಸನ್‌ಗೆ ಬೇಕಾಗಿದ್ದುದು ಸರದಿಗಳೇ. ಬಂದ ಆಟಗಾರರು ಎಷ್ಟು ಚೆನ್ನಾಗಿದ್ದರೂ ಅವರನ್ನು ನೆಚ್ಚಿಕೊಳ್ಳಬೇಡಿ ಎಂದು ಸಹಾಯಕರಿಗೆ ತಾಕೀತು ಮಾಡಿದರು. ಡಲ್ಲಾಸಿನ ಪತ್ರಿಕೆಗಳು ಮೊದಲು ಅವರನ್ನೇ ಬೈದವು.

ಮೂರು ದಿನಗಳ ನಂತರ ವಾಕರ್ ಮೆಟ್ರೊಡೋಮ್‌ನಲ್ಲಿ ಗ್ರೀನ್ ಬೇ ವಿರುದ್ಧ ಇಳಿದರು. ತಂಡದ ಆಟದ ಬಗೆ ಕಲಿಯುವುದಕ್ಕೂ ಸಮಯ ಸಿಕ್ಕಿರಲಿಲ್ಲ. ಮೊದಲ ಓಟದಲ್ಲೇ 47 ಗಜ. ಆ ಓಟದಲ್ಲಿ ಒಂದು ಶೂ ಕಳಚಿಹೋಯಿತು, ಅವರು ಹಾಗೇ ಓಡಿದರು. ಆ ದಿನ ಒಟ್ಟು 148 ಗಜ. ನಮ್ಮ ಪಕ್ಕದ ಮನೆಯವರು ಅಂದು ಅಲ್ಲಿದ್ದರಂತೆ. ಜೀವನದಲ್ಲಿ ಅಷ್ಟು ಜೋರಾದ ಸದ್ದು ಕೇಳಿರಲಿಲ್ಲ, ಮೇಲಿನ ಬಟ್ಟೆಯ ಛಾವಣಿ ಹಾರಿಹೋಗುತ್ತದೆ ಅನ್ನಿಸಿತು ಎಂದು ಹೇಳುತ್ತಿದ್ದಾಗ ಅವರ ಮುಖದಲ್ಲಿ ಬೆಳಕು ಬರುತ್ತಿತ್ತು. ಆ ಭಾಗವನ್ನು ಅವರು ಎಂದೂ ಬಿಟ್ಟು ಹೇಳಲಿಲ್ಲ, ನಾನೂ ಎಂದೂ ಅವಸರಿಸಲಿಲ್ಲ.

ಮುಂದಿನದು ಬಹಳ ಬೇಗ ಹೇಳಿ ಮುಗಿಸುವಂಥದ್ದು. ವಾಕರ್‌ರ ಓಟ ಬೇರೆ ಬಗೆಯ ವ್ಯೂಹಕ್ಕೆ ಹೊಂದಿತ್ತು. ಮಿನ್ನೆಸೋಟಾ ತನ್ನ ಬಗೆಯನ್ನು ಬದಲಿಸಲಿಲ್ಲ. ಅಲ್ಲಿದ್ದಷ್ಟು ಕಾಲ ಒಂದು ಋತುವಿನಲ್ಲೂ ಅವರು ಸಾವಿರ ಗಜ ಮುಟ್ಟಲಿಲ್ಲ. ಆ ಊರು ಬಿಟ್ಟು ಫಿಲಡೆಲ್ಫಿಯಾಕ್ಕೆ ಹೋದ ವರ್ಷವೇ, 1992ರಲ್ಲಿ, ಮುಟ್ಟಿದರು. ಮಿನ್ನೆಸೋಟಾದ ಸರದಿಗಳನ್ನು ಬಳಸಿ, ಕೆಲವನ್ನು ಬೇರೆ ತಂಡಗಳೊಂದಿಗೆ ಬದಲಾಯಿಸಿಕೊಂಡು ಡಲ್ಲಾಸ್ ಹೊಸ ತಂಡ ಕಟ್ಟಿತು. 1989ರಲ್ಲಿ ಹದಿನಾರರಲ್ಲಿ ಒಂದೇ ಪಂದ್ಯ ಗೆದ್ದಿದ್ದ ತಂಡ 1992, 1993, 1995ರ ಋತುಗಳಲ್ಲಿ ಸೂಪರ್ ಬೌಲ್ ಗೆದ್ದಿತು. ಆ ಸರದಿಗಳ ಬಲದಿಂದ ಬಂದವರಲ್ಲಿ ಒಬ್ಬರು ಎಮಿಟ್ ಸ್ಮಿತ್. ನಿವೃತ್ತರಾಗುವ ಹೊತ್ತಿಗೆ ಅವರ ಓಟ 18,355 ಗಜ. ಈ ಲೀಗಿನ ಇತಿಹಾಸದಲ್ಲಿ ಅದಕ್ಕಿಂತ ಹೆಚ್ಚು ಯಾರೂ ಓಡಿಲ್ಲ. ಒಬ್ಬ ರನ್ನಿಂಗ್ ಬ್ಯಾಕ್‌ನನ್ನು ಕೊಟ್ಟ ತಂಡಕ್ಕೆ ದಕ್ಕಿದ ದೊಡ್ಡ ಲಾಭ ಇನ್ನೊಬ್ಬ ರನ್ನಿಂಗ್ ಬ್ಯಾಕ್. 1996ರಲ್ಲಿ ವಾಕರ್ ಅದೇ ಡಲ್ಲಾಸ್‌ಗೆ ಮರಳಿ, ಸ್ಮಿತ್ ಓಡುತ್ತಿದ್ದ ತಂಡದಲ್ಲಿ ಸಹಾಯಕ ಪಾತ್ರದಲ್ಲಿ ಎರಡು ಋತು ಆಡಿದರು.

ಟ್ರೇಡ್ ಪ್ರಸ್ತಾಪ ಮಾಡುವವರೆಲ್ಲರಿಗೂ ಡಲ್ಲಾಸ್ ಆಗುವ ಆಸೆ, ಮಿನ್ನೆಸೋಟಾ ಆಗುವ ಭಯ. ನಿಜದಲ್ಲಿ ಫಲ ಎರಡೂ ಕಡೆಗೆ ಬೀಳುವುದುಂಟು, ಎರಡೂ ಕಡೆಗೆ ಬೀಳದೆ ಹೋಗುವುದೂ ಉಂಟು. 1999ರಲ್ಲಿ ಇಂಡಿಯಾನಾಪೊಲಿಸ್ ತಂಡ ಮಾರ್ಷಲ್ ಫಾಕ್‌ರನ್ನು ಸೇಂಟ್ ಲೂಯಿಸ್‌ಗೆ ಕೊಟ್ಟಿತು. ಫಾಕ್ ಆ ಋತುವಿನಲ್ಲೇ ಸೂಪರ್ ಬೌಲ್ ಗೆದ್ದರು; ಅವರ ಜಾಗಕ್ಕೆ ಇಂಡಿಯಾನಾಪೊಲಿಸ್ ಆರಿಸಿಕೊಂಡ ಎಡ್ಜರಿನ್ ಜೇಮ್ಸ್ ಆ ವರ್ಷ ಲೀಗಿನಲ್ಲೇ ಹೆಚ್ಚು ಗಜ ಓಡಿದರು. 2013ರಲ್ಲಿ ಅದೇ ಇಂಡಿಯಾನಾಪೊಲಿಸ್ ಮೊದಲ ಸುತ್ತಿನ ಸರದಿ ಕೊಟ್ಟು ಕ್ಲೀವ್‌ಲ್ಯಾಂಡ್‌ನಿಂದ ಟ್ರೆಂಟ್ ರಿಚರ್ಡ್‌ಸನ್‌ರನ್ನು ತಂದಿತು. ಅವರ ಓಟ ಅಲ್ಲಿ ಏಳಲೇ ಇಲ್ಲ. ಕ್ಲೀವ್‌ಲ್ಯಾಂಡ್ ಆ ಸರದಿಯನ್ನು ಬಳಸಿ ತಂದ ಕ್ವಾರ್ಟರ್‌ಬ್ಯಾಕ್ ಜಾನಿ ಮ್ಯಾನ್ಜೆಲ್ ಎರಡು ಋತುಗಳಲ್ಲಿ ಲೀಗಿನಿಂದಲೇ ಹೊರಬಿದ್ದರು. ಇಂಥ ಕಥೆಗಳನ್ನು ನಾನು ಬಾಯಿಪಾಠದಂತೆ ಹೇಳಬಲ್ಲೆ. ಹೇಳುತ್ತ ಹೋದಂತೆ ಒಂದು ಅಂಶ ಕಾಣತೊಡಗಿತು: ಪ್ರತಿಯೊಂದು ಕಥೆಯಲ್ಲೂ ಕೊಟ್ಟವರು ಗೆದ್ದರೋ ಪಡೆದವರು ಗೆದ್ದರೋ ಎಂದು ತೂಗುತ್ತೇವೆ, ಹೋದವನಿಗೆ ಏನಾಯಿತು ಎನ್ನುವುದು ಆ ತೂಕದ ಒಂದು ಬಟ್ಟು ಮಾತ್ರ.

ವಾಕರ್‌ಗೆ ಒಂದಿಷ್ಟು ಬಲವಿತ್ತು. ಹೋಗಲು ಅವರಿಗೆ ಮನಸ್ಸಿರಲಿಲ್ಲ. ಜೋನ್ಸ್ ದೊಡ್ಡ ಮೊತ್ತ ಕೊಟ್ಟು ಒಪ್ಪಿಸಬೇಕಾಯಿತು. ಅಂಥ ಹೆಸರಿದ್ದವರಿಗೆ ಹಾಗೆ ಪಟ್ಟು ಹಿಡಿಯಲು ಸಾಧ್ಯ. ನನ್ನ ಮನಸ್ಸು ಹೋಗುವುದು ಆಚೆ ಕಡೆಯಿಂದ ಬರಬೇಕಿದ್ದ ಐವರಲ್ಲಿ ಒಬ್ಬರಾದ ಡಾರಿನ್ ನೆಲ್ಸನ್ ಕಡೆಗೆ. ಅವರೂ ರನ್ನಿಂಗ್ ಬ್ಯಾಕ್. ಮಿನ್ನೆಸೋಟಾ 1982ರಲ್ಲಿ ಮೊದಲ ಸುತ್ತಿನಲ್ಲೇ ಆರಿಸಿಕೊಂಡಿದ್ದ ಹುಡುಗ, ಅಲ್ಲಿಂದ ಏಳು ಋತು ಆ ಒಂದೇ ತಂಡಕ್ಕೆ ಓಡಿದ್ದವರು. ವಾಕರ್ ಬರುತ್ತಾರೆಂದರೆ ಅವರಿಗೆ ಜಾಗವಿಲ್ಲ, ಆದ್ದರಿಂದ ಕಟ್ಟಿನಲ್ಲಿ ಅವರನ್ನೂ ಸೇರಿಸಿದರು. ನೆಲ್ಸನ್ ಡಲ್ಲಾಸ್‌ಗೆ ಹೋಗುವುದಿಲ್ಲ ಎಂದರು. ಹೋಗಲೂ ಇಲ್ಲ. ಕೊನೆಗೆ ಅವರನ್ನು ಸ್ಯಾನ್ ಡಿಯಾಗೊಕ್ಕೆ ದಾಟಿಸಬೇಕಾಯಿತು. ಈ ಟ್ರೇಡ್ ಬಗ್ಗೆ ಗಂಟೆಗಟ್ಟಲೆ ಮಾತಾಡುವವರೂ ನೆಲ್ಸನ್ ಹೆಸರನ್ನು ಪಟ್ಟಿಯಲ್ಲಿ ಓದಿ ಮುಂದೆ ಹೋಗುತ್ತಾರೆ. ಅಷ್ಟು ದೊಡ್ಡ ವ್ಯವಹಾರದ ನಡುವೆ ಬರುವುದಿಲ್ಲ ಎಂದು ನಿಂತವರನ್ನು ನಾನು ಮರೆಯಲಾರೆ.

ಚಿಕ್ಕಂದಿನಲ್ಲಿ ಘಾಟಿ ಸುಬ್ರಹ್ಮಣ್ಯದ ದನಗಳ ಜಾತ್ರೆಗೆ ನಮ್ಮ ತಾತನ ಜೊತೆ ಹೋಗಿದ್ದೆ. ಕೊಳ್ಳುವವರು ಹೋರಿಯ ಹಲ್ಲು ಎಣಿಸಿ, ಗೊರಸು ಎತ್ತಿ ನೋಡಿ, ನಾಲ್ಕು ಹೆಜ್ಜೆ ನಡೆಸಿ, ಆಮೇಲೆ ಟವೆಲಿನ ಕೆಳಗೆ ಬೆರಳು ಹಿಡಿದು ದರ ಕುದುರಿಸುತ್ತಿದ್ದರು. ಇಂಡಿಯಾನಾಪೊಲಿಸ್‌ನಲ್ಲಿ ಡ್ರಾಫ್ಟ್‌ಗೆ ಮುಂಚೆ ಹುಡುಗರ ಎತ್ತರ, ತೂಕ, ಅಂಗೈ ಅಗಲ ಅಳೆದು, 40 ಗಜ ಓಡಿಸಿ ಗಡಿಯಾರ ಹಿಡಿಯುವುದನ್ನು ಟಿವಿಯಲ್ಲಿ ನೋಡಿದಾಗ ನನಗೆ ಆ ಜಾತ್ರೆಯೇ ನೆನಪಾಗಿದ್ದು. ನೆನಪಾಗಿದ್ದಕ್ಕೆ ಮನಸ್ಸಿಗೆ ಹಿಂಸೆಯೂ ಆಯಿತು. ಏಕೆಂದರೆ ಈ ಓಟಗಾರರಲ್ಲಿ ಹೆಚ್ಚಿನವರು ಕಪ್ಪು ಜನ. ಆ ದೇಶದಲ್ಲಿ ಅವರ ಪೂರ್ವಿಕರನ್ನು ಹಲ್ಲು ನೋಡಿಯೇ ಮಾರಿದ್ದರು. ಬೇಸ್‌ಬಾಲ್ ಆಟಗಾರ ಕರ್ಟ್ ಫ್ಲಡ್‌ರನ್ನು 1969ರಲ್ಲಿ ಸೇಂಟ್ ಲೂಯಿಸ್ ತಂಡ ಕೇಳದೆ ಫಿಲಡೆಲ್ಫಿಯಾಕ್ಕೆ ಟ್ರೇಡ್ ಮಾಡಿದಾಗ, ತಾನು ಕೊಂಡು ಮಾರುವ ಸ್ವತ್ತಲ್ಲ ಎಂದು ಅವರು ಕಮಿಷನರ್‌ಗೆ ಪತ್ರ ಬರೆದರು, ಸುಪ್ರೀಂ ಕೋರ್ಟಿನವರೆಗೂ ಹೋದರು. 1972ರಲ್ಲಿ ಸೋತರು. ಆ ಹೊತ್ತಿಗೆ ಅವರ ಆಟದ ಬದುಕು ಮುಗಿದಿತ್ತು.

ಆದರೆ ಅವರ ಹೋರಾಟ ವ್ಯರ್ಥವಾಗಲಿಲ್ಲ. ಒಂದು ವರ್ಷದೊಳಗೆ ಬೇಸ್‌ಬಾಲ್‌ನಲ್ಲಿ ಒಂದು ನಿಯಮ ಬಂತು: ದೊಡ್ಡ ಲೀಗಿನಲ್ಲಿ ಹತ್ತು ವರ್ಷ ಆಡಿ, ಅದರಲ್ಲಿ ಕೊನೆಯ ಐದನ್ನು ಒಂದೇ ತಂಡದಲ್ಲಿ ಕಳೆದವನನ್ನು ಅವನ ಒಪ್ಪಿಗೆಯಿಲ್ಲದೆ ಟ್ರೇಡ್ ಮಾಡುವಂತಿಲ್ಲ. ಇನ್ನು ನಮ್ಮ ಐಪಿಎಲ್‌ನಲ್ಲಿ ಇಂಥ ಬದಲಾವಣೆಗೆ ಆಟಗಾರನ ಒಪ್ಪಿಗೆ ಬೇಕು. ಬೆಂಗಳೂರು ತಂಡ 2009ರಲ್ಲಿ ಜಹೀರ್ ಖಾನ್‌ರನ್ನು ಮುಂಬೈಗೆ ಕೊಟ್ಟು ಕೊಡಗಿನ ರಾಬಿನ್ ಉತ್ತಪ್ಪರನ್ನು ತಂದಾಗ ನಾವೆಲ್ಲ ಮನೆಯ ಹುಡುಗ ಮನೆಗೆ ಬಂದ ಎಂದು ಹಿಗ್ಗಿದ್ದೆವು. ಅದಾಗಿ ಎಷ್ಟೋ ವರ್ಷಗಳ ನಂತರ ದೇವದತ್ತ ಪಡಿಕ್ಕಲ್ ರಾಜಸ್ಥಾನದಿಂದ ಲಖನೌಗೆ ಹೋದರು. ನಮ್ಮ ಆಟದಲ್ಲಿ ಸಹಿ ಹಾಕುವ ಕೈ ಎಷ್ಟು ಸ್ವತಂತ್ರ ಎಂದು ಕೇಳಬಹುದು, ಕೇಳಬೇಕು ಕೂಡ. ಆದರೂ ಸಹಿಗೆ ಒಂದು ಜಾಗ ಇದೆ.

ಫುಟ್‌ಬಾಲ್‌ನಲ್ಲಿ ಆ ಜಾಗವನ್ನು ಒಪ್ಪಂದದಲ್ಲಿ ಬರೆಸಿಕೊಳ್ಳುವ ಶಕ್ತಿ ಬೆರಳೆಣಿಕೆಯ ಜನಕ್ಕಷ್ಟೇ ಇದೆ. ರನ್ನಿಂಗ್ ಬ್ಯಾಕ್‌ಗೆ ಕಷ್ಟ ಇನ್ನೂ ಹೆಚ್ಚು. ಡ್ರಾಫ್ಟ್ ಆದವನು ಮೊದಲ ನಾಲ್ಕು ವರ್ಷ ನಿಗದಿತ ಸಂಬಳಕ್ಕೆ ಕಟ್ಟುಬಿದ್ದಿರುತ್ತಾನೆ. ಅವನ ಕಾಲಿನ ಉತ್ತಮ ವರ್ಷಗಳು ಅವೇ. ಅದು ಮುಗಿದ ಮೇಲೂ ‘ಫ್ರಾಂಚೈಸ್ ಟ್ಯಾಗ್’ ಎಂಬ ಹಕ್ಕು ಬಳಸಿ ತಂಡ ಅವನನ್ನು ಇನ್ನೊಂದು ವರ್ಷ ಹಿಡಿದಿಟ್ಟುಕೊಳ್ಳಬಹುದು. 2023ರ ಜುಲೈನಲ್ಲಿ ಸೇಕ್ವಾನ್ ಬಾರ್ಕ್ಲಿ, ಜಾಶ್ ಜೇಕಬ್ಸ್ ಮುಂತಾದವರಿಗೆ ದೀರ್ಘ ಒಪ್ಪಂದ ಸಿಗದೆ ಹೋದಾಗ ಲೀಗಿನ ಹಲವು ಪ್ರಮುಖ ರನ್ನಿಂಗ್ ಬ್ಯಾಕ್‌ಗಳು ವಿಡಿಯೊ ಕರೆಯಲ್ಲಿ ಸೇರಿ ತಮ್ಮ ಗತಿಯ ಬಗ್ಗೆ ಮಾತಾಡಿಕೊಂಡರು. ಅದರಿಂದ ತಕ್ಷಣ ಏನೂ ಬದಲಾಗಲಿಲ್ಲ. ಮುಂದಿನ ವಸಂತದಲ್ಲಿ ಬಿಡುಗಡೆಯಾದ ಬಾರ್ಕ್ಲಿ ತಾವೇ ಆರಿಸಿಕೊಂಡು ಫಿಲಡೆಲ್ಫಿಯಾಕ್ಕೆ ಹೋದರು. ಆ ಋತುವಿನಲ್ಲಿ 2,005 ಗಜ ಓಡಿ, ತಮ್ಮ 28ನೇ ಹುಟ್ಟುಹಬ್ಬದ ದಿನ ಸೂಪರ್ ಬೌಲ್ ಗೆದ್ದರು. ಅದೇ ವರ್ಷ, ಮೂವತ್ತು ದಾಟಿದ ಡೆರಿಕ್ ಹೆನ್ರಿ ಬಾಲ್ಟಿಮೋರ್‌ಗೆ ಹೋಗಿ 1,921 ಗಜ ಓಡಿದರು. ಇಬ್ಬರೂ ತಾವು ಹೋಗಬೇಕೆಂದ ಕಡೆಗೆ ಹೋದವರು. ಎರಡು ಉದಾಹರಣೆಯಿಂದ ಎಲ್ಲವೂ ಸಾಬೀತಾಗುವುದಿಲ್ಲ, ಆದರೆ ನನಗೆ ಅವು ಚಿಕ್ಕ ಸಂಗತಿಗಳಲ್ಲ.

ಹಾಗಾದರೆ ಟ್ರೇಡ್ ನಿಲ್ಲಿಸಬೇಕೇ? ಬೇಡ. ಸೋಲುವ ತಂಡದಲ್ಲಿ ಸಿಕ್ಕಿಬಿದ್ದ ಓಟಗಾರನಿಗೆ ಕೆಲವೊಮ್ಮೆ ಅದೇ ಬಿಡುಗಡೆ. ಮೆಕ್ಯಾಫ್ರಿ ಸ್ಯಾನ್ ಫ್ರಾನ್ಸಿಸ್ಕೊದಲ್ಲಿ ಮತ್ತೆ ಅರಳಿದ್ದನ್ನು ನೋಡಿದವರು ಆ ಟ್ರೇಡ್ ಬೇಡವಾಗಿತ್ತು ಎನ್ನಲಾರರು. ಕೇಳಿದ್ದರೂ ಅವರು ಒಪ್ಪುತ್ತಿದ್ದರೆಂದೇ ನನ್ನ ಎಣಿಕೆ. ಬೇಸ್‌ಬಾಲ್ ನಿಯಮವನ್ನು ಹಾಗೆಯೇ ತಂದರೂ ಇಲ್ಲಿ ಉಪಯೋಗವಿಲ್ಲ. ಹತ್ತು ವರ್ಷ ಓಡುವ ರನ್ನಿಂಗ್ ಬ್ಯಾಕ್‌ಗಳು ಎಷ್ಟು ಜನ? ಹೆನ್ರಿ ಟೆನ್ನೆಸ್ಸಿಗಾಗಿ ಎಂಟು ಋತುಗಳಲ್ಲಿ ಎರಡು ಸಾವಿರಕ್ಕೂ ಹೆಚ್ಚು ಸಲ ಚೆಂಡು ಹೊತ್ತು ಓಡಿದರು. 2023ರ ಗಡುವಿನ ಮುಂಚೆ ಅವರನ್ನು ಮಾರಿ ಎಂದು ಊರೆಲ್ಲ ಹೇಳುತ್ತಿತ್ತು. ಹತ್ತು ವರ್ಷದ ನಿಯಮ ಅವರಿಗೂ ನೆರವಾಗುತ್ತಿರಲಿಲ್ಲ.

ಆದ್ದರಿಂದ ನನ್ನ ಪ್ರಸ್ತಾಪ ಇದು. ರನ್ನಿಂಗ್ ಬ್ಯಾಕ್‌ನ ಸೇವೆಯನ್ನು ವರ್ಷಗಳಿಂದ ಎಣಿಸಬೇಡಿ, ಅವನು ಬಿದ್ದು ಎದ್ದ ಲೆಕ್ಕದಿಂದ ಎಣಿಸಿ. ಒಂದು ತಂಡಕ್ಕಾಗಿ ಓಟವೂ ಹಿಡಿತವೂ ಸೇರಿ ಸಾವಿರ ಸಲ ಚೆಂಡು ಹೊತ್ತವನನ್ನು ಅವನ ಸಹಿ ಇಲ್ಲದೆ ಕಳುಹಿಸುವಂತಿಲ್ಲ ಎಂದು ಬರೆಯಿರಿ. ಆಟಗಾರರ ಸಂಘ ಮತ್ತು ತಂಡಗಳ ನಡುವಿನ ಈಗಿನ ಒಪ್ಪಂದ 2030ರ ಋತುವಿನವರೆಗೆ ಇದೆ. ಹೊಸದನ್ನು ಬರೆಯಲು ಕೂರುವಾಗ ಈ ಒಂದು ಸಾಲು ಸೇರಿಸಲು ಯಾರ ಹಣವೂ ಖರ್ಚಾಗುವುದಿಲ್ಲ. ತಂಡಗಳು ಪ್ರಸ್ತಾಪ ಮಾಡಲಿ, ಅಭಿಮಾನಿಗಳು ಊಟದ ಮೇಜಿನಲ್ಲಿ ಮಾಡಲಿ, ನಾನೂ ಮಾಡುತ್ತೇನೆ. ಕಾಗದ ಕೊನೆಗೆ ಓಡುವವನ ಮನೆಗೂ ಹೋಗಲಿ.

ಇದನ್ನು ಪಕ್ಕದ ಮನೆಯವರಿಗೆ ಒಮ್ಮೆ ವಿವರಿಸಿದೆ. ಅವರು ಕೇಳಿದ್ದು ಒಂದೇ: 1989ರಲ್ಲಿ ಈ ನಿಯಮ ಇದ್ದಿದ್ದರೆ ನಮ್ಮ ಊರು ಉಳಿಯುತ್ತಿತ್ತೇ? ಒಳಗೆ ಹೋಗಿ ಹಳೆಯ ಅಂಕಿಗಳನ್ನು ಕೂಡಿಸಿ ನೋಡಿದೆ. ಮಿನ್ನೆಸೋಟಾ ಆ ದಿನ ಡಲ್ಲಾಸ್‌ಗೆ ಕಳುಹಿಸಿದ ಪಟ್ಟಿಯಲ್ಲಿ ಸಾವಿರದ ಗೆರೆ ದಾಟಿದವರು ಒಬ್ಬರಿದ್ದರು. ಡಾರಿನ್ ನೆಲ್ಸನ್. ಅವರು ಸಹಿ ಹಾಕದೆ ಆ ಪಟ್ಟಿ ಹೊರಡುವಂತಿರಲಿಲ್ಲ.